ಮೈಸೂರಿನ ಜಾವಾ

ಹತ್ತನೆಯ ತರಗತಿಯ ಹುಡುಗನೊಬ್ಬ ಬಿಡುವಿನ ವೇಳೆಯಲ್ಲಿ ಕೇಳಿದ: "ಸರ್, ಜಪಾನಿನ ರೇಸ್ ಕಾರು ಅಲ್ಲಿ ಒಂದು ಥರ, ಬ್ಯಾರೆ ದೇಶದಾಗ ಇನ್ನೊಂದು ಥರ ಇರತದಂತ. ಖರೇದು ಯಾವದ್ರಿ?"

ಕನ್ನಡ ಮಾಸ್ತರನಿಗೆ ಕಾರಿನ ಗೊಡವೆ ಏಕೆ ಎನ್ನಬಹುದು. ಆದರೆ ಪ್ರಶ್ನೆ ಒಳ್ಳೆಯದು. 1989ರಿಂದ 2004ರವರೆಗೆ ಜಪಾನಿನ ಕಂಪನಿಗಳು ಸ್ವದೇಶದಲ್ಲಿ ಮಾರುವ ಕಾರಿನ ಶಕ್ತಿಯನ್ನು 280 ಅಶ್ವಶಕ್ತಿಗಿಂತ ಹೆಚ್ಚೆಂದು ಹೇಳಬಾರದೆಂಬ ಒಪ್ಪಂದದಲ್ಲಿದ್ದವು. ಹೊರಗೆ ಆ ಕಟ್ಟಿರಲಿಲ್ಲ. ಕಾನೂನು, ರಸ್ತೆ, ಪೆಟ್ರೋಲು, ಕೊಳ್ಳುವವನ ಕಿಸೆ, ಇವು ಬದಲಾದಂತೆ ಗಾಡಿಯೂ ಬದಲಾಗುತ್ತದೆ.

ಮಾಡಗ್ಯಾಳದಲ್ಲಿ ಅಂಥ ಕಾರನ್ನು ನಾನು ಕಂಡಿಲ್ಲ. ಕಂಡದ್ದು ನನ್ನ ಸೋದರಮಾವನ ಎಜ್ಡಿ. ಅದರ ಮೂಲ ಚೆಕೊಸ್ಲೊವಾಕಿಯಾದ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, 1973ರಲ್ಲಿ ಎಜ್ಡಿ ಎಂಬ ಹೆಸರು ಪಡೆಯಿತು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಹಾಕಬೇಕು. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ತಿರುಗಿಸಿದರೆ ಗೇರು! ಹೊಸಬರು ಬೇಸ್ತು ಬೀಳುತ್ತಿದ್ದರು. ಜತ್ತದ ಸಂತೆಗೆ ಇಬ್ಬರು ಮನುಷ್ಯರು, ಒಂದು ಚೀಲ ಜೋಳ, ಕೆಲವೊಮ್ಮೆ ಒಂದು ಕುರಿಮರಿ, ಎಲ್ಲವನ್ನೂ ಅದು ಹೊತ್ತಿದೆ.

ಎಲ್ಲ ಬದಲಾವಣೆಯೂ ಲಾಭದ್ದಲ್ಲ. ಯಮಾಹಾ ಆರ್‌ಡಿ 350 ಹೊರದೇಶದಲ್ಲಿ 39 ಅಶ್ವಶಕ್ತಿಯದು. 1983ರಲ್ಲಿ ಎಸ್ಕಾರ್ಟ್ಸ್ ಅದನ್ನು ರಾಜದೂತ ಎಂದು ತಂದಾಗ ಶಕ್ತಿ 30.5ಕ್ಕೆ ಇಳಿದಿತ್ತು. ಆಮೇಲೆ ಪೆಟ್ರೋಲು ಉಳಿಸಲೆಂದು 27ಕ್ಕೆ ಇಳಿಸಿದರು. ಮುಂದಿನ ಗಾಲಿಗೆ ಡಿಸ್ಕ್ ಹೋಗಿ ಡ್ರಮ್ ಬ್ರೇಕ್ ಬಂತು. ವೇಗದ ಗಾಡಿಗೆ ಬ್ರೇಕ್ ಕಡಿಮೆ ಮಾಡಿದ್ದು ನನಗಂತೂ ಒಪ್ಪಿಗೆಯಿಲ್ಲ.

ಹುಡುಗ ಬಿಡಲಿಲ್ಲ. "ಹಂಗಾರ ಮೈಸೂರಿನ ಗಾಡಿ ಖೋಟಾ ಏನ್ರಿ?" ಅವನ ಮನಸ್ಸಿನಲ್ಲಿ ಬೇರೇನೋ ಇತ್ತು. ರಜೆಯಲ್ಲಿ ಬೆಂಗಳೂರಿನ ನೆಂಟರ ಮಕ್ಕಳು ಅವನ 'ಸಾಲಿ', 'ಖರೇ' ಕೇಳಿ, ಇದು ಕನ್ನಡವೇ ಅಲ್ಲ, ಮರಾಠಿ ಎಂದು ನಕ್ಕಿದ್ದರಂತೆ. ಅಂದಿನಿಂದ ಅವನು ತರಗತಿಯಲ್ಲೂ ಬಾಯಿ ಬಿಡುತ್ತಿರಲಿಲ್ಲ. ನಾನು ನಮ್ಮೂರ ಕುರಿಯನ್ನು ನೆನಪಿಸಿದೆ: ದಖನಿ ಕುರಿಗಳ ನಡುವೆ ನಿಂತರೆ ಎತ್ತರದ ಮೈ, ಬಾಗಿದ ಮೂಗು ಬೇರೆಯೇ, ಅದನ್ನು ಖೋಟಾ ಎಂದವರುಂಟೇ? ಅವನು ನಕ್ಕ. ಮರುದಿನ ಪದ್ಯ ಓದಲು ತಾನೇ ಎದ್ದು ನಿಂತ.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಎಜ್ಡಿ ಹೆಸರಿನ ಹೊಸ ಗಾಡಿ, ಬೇರೆ ಎಂಜಿನ್ನಿನೊಡನೆ, ಬಂತು. ಊರಿಗೆ ಬಂದ ಒಂದನ್ನು ಮಾವನಿಗೆ ತೋರಿಸಿದೆವು. ಕಣ್ಣು ಮುಚ್ಚಿ ಕೇಳಿ, "ಸಪ್ಪಳ ಬ್ಯಾರೆ ಅದ" ಎಂದರು. ಆದರೂ ಒಂದು ಸುತ್ತು ಹೊಡೆದೇ ಇಳಿದರು.