ಸ್ನೇಹದ ಗುರುತು

ಸ್ನೇಹವೆಂಬ ಮಾತಿಗೆ ನಮ್ಮ ಹಿರಿಯರು ಎರಡು ಅರ್ಥಗಳನ್ನು ಹೇಳುತ್ತಿದ್ದರು. ಒಂದು ಗೆಳೆತನ; ಇನ್ನೊಂದು ಎಣ್ಣೆ, ತುಪ್ಪ ಮೊದಲಾದ ಜಿಡ್ಡು. ಆಯುರ್ವೇದದಲ್ಲಿ ಸ್ನೇಹಪಾನವೆಂದರೆ ರೋಗಿಗೆ ತುಪ್ಪವನ್ನು ಕುಡಿಸುವುದೇ ಹೊರತು ಮಿತ್ರರೊಡನೆ ಕುಳಿತು ಕಾಫಿ ಕುಡಿಯುವುದಲ್ಲ! ಈ ಎರಡು ಅರ್ಥಗಳೂ ಒಂದೆಡೆ ಕೂಡುವ ವಿಷಯವೊಂದನ್ನು ಓದಿ ತಿಳಿದೆನು. ತನ್ನ ಜಿಡ್ಡು ಯಾವುದು, ರೋಗಾಣುವಿನ ಜಿಡ್ಡು ಯಾವುದು ಎಂಬುದನ್ನು ನಮ್ಮ ದೇಹವು ಹೇಗೆ ಗುರುತಿಸುವುದೆಂಬುದೇ ಆ ವಿಷಯ. ಅದರಲ್ಲಿ ನನಗೆ ಆಸಕ್ತಿ ಹುಟ್ಟಲು ಮನೆಯ ಕಷ್ಟವೊಂದು ಕಾರಣವಾಯಿತು.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಗೆ ಕ್ಷಯರೋಗ ತಗುಲಿತು. ಕೆಮ್ಮು ಮೂರು ವಾರ ಕಳೆದರೂ ನಿಲ್ಲದಿರಲು ಕಫದ ಪರೀಕ್ಷೆಯನ್ನು ಮಾಡಿಸಿದೆವು. ವೈದ್ಯರು ಸೂಕ್ಷ್ಮದರ್ಶಕದಲ್ಲಿ ನನಗೂ ನೋಡಗೊಟ್ಟರು. ನೀಲಿಯ ನಡುವೆ ಕುಂಕುಮದ ಎಳೆಗಳಂತೆ ಕೆಂಪು ಕಡ್ಡಿಗಳು ಕಂಡವು. ಬಣ್ಣ ಹಾಕಿದ ಮೇಲೆ ಆಮ್ಲದಿಂದ ತೊಳೆದರೆ ಬೇರೆ ರೋಗಾಣುಗಳ ಬಣ್ಣ ಬಿಟ್ಟುಹೋಗುವುದೆಂದೂ, ಕ್ಷಯಾಣುವು ಮೇಣದ ಕವಚವನ್ನು ತೊಟ್ಟಿರುವುದರಿಂದ ಅದರ ಬಣ್ಣ ಬಿಡದೆಂದೂ ಅವರು ವಿವರಿಸಿದರು. ೧೮೮೨ರಲ್ಲಿ ರಾಬರ್ಟ್ ಕಾಕ್ ಎಂಬ ಜರ್ಮನ್ ಪಂಡಿತನು ಲೋಕಕ್ಕೆ ತೋರಿಸಿಕೊಟ್ಟ ರೋಗಾಣುವಿದು. ಆ ಮೇಣಕ್ಕೆ ಮೈಕಾಲಿಕ್ ಆಮ್ಲವೆಂದು ಹೆಸರು.

ಮನೆಯಲ್ಲಿ ಹಿರಿಯರು ತಂಗಿಯ ತಟ್ಟೆ ಲೋಟಗಳನ್ನು ಬೇರೆಯಾಗಿಟ್ಟರು. ಈ ರೋಗವು ಗಾಳಿಯಿಂದ ಹರಡತಕ್ಕದ್ದು, ಪಾತ್ರೆಗಳಿಂದಲ್ಲವೆಂದು ವೈದ್ಯರು ಹೇಳಿದರೂ ಭಯ ಹೋಗಲಿಲ್ಲ. ಊಟಕ್ಕೆ ಕರೆದಾಗಲೆಲ್ಲ ಅವಳು ಹಸಿವಿಲ್ಲವೆನ್ನುವಳು. ರೋಗಕ್ಕಿಂತ ಆ ತಟ್ಟೆಯೇ ಅವಳನ್ನು ಹೆಚ್ಚು ಸೊರಗಿಸಿತೆಂದು ನನಗೆ ತೋರುತ್ತದೆ. ಆರು ತಿಂಗಳ ಔಷಧಿಯನ್ನು ಒಂದು ದಿನವೂ ತಪ್ಪಿಸದೆ ನುಂಗಿ ಗುಣ ಹೊಂದಿದಳು. ಆ ಗುಳಿಗೆಗಳಲ್ಲೊಂದಾದ ಐಸೋನಿಯಜಿಡ್ ೧೯೫೨ರಿಂದ ಬಳಕೆಯಲ್ಲಿರುವುದು. ಅದು ಆ ಮೇಣದ ಉತ್ಪತ್ತಿಯನ್ನೇ ತಡೆಯುವುದು.

ಇದು ಔಷಧಿಯ ಮಾತಾಯಿತು. ಕ್ಷಯಾಣುವು ಒಳಹೊಕ್ಕವರಲ್ಲಿ ಹೆಚ್ಚಿನವರು ರೋಗಿಗಳಾಗುವುದೇ ಇಲ್ಲ. ಅವರನ್ನು ಕಾಯುವವರಾರು? ನಮ್ಮ ರಕ್ತದಲ್ಲಿ ಟಿ-ಕಣಗಳೆಂಬ ಬಿಳಿಯ ಕಾವಲುಗಾರರಿದ್ದಾರೆ. ಇವರು ರೋಗಾಣುವನ್ನು ನೇರವಾಗಿ ನೋಡಿ ಗುರುತಿಸುವುದಿಲ್ಲ. ಬೇರೆ ಜೀವಕಣಗಳು ಅದರ ಚೂರನ್ನು ತಮ್ಮ ಮೈಮೇಲೆ ಎತ್ತಿ ಹಿಡಿದು ತೋರಿಸಬೇಕು. ಬಹುಕಾಲದವರೆಗೆ ಆ ಚೂರು ಪ್ರೋಟೀನಿನದೇ ಆಗಿರಬೇಕೆಂದು ಪಂಡಿತರು ನಂಬಿದ್ದರು. ೧೯೯೪ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬೆಕ್‌ಮನ್, ಪೋರ್ಸೆಲಿ, ಬ್ರೆನ್ನರ್ ಮೊದಲಾದವರು ಈ ನಂಬಿಕೆಯನ್ನು ಬದಲಾಯಿಸಿದರು. ಕೆಲವು ಟಿ-ಕಣಗಳು ಗುರುತಿಸುವುದು ಪ್ರೋಟೀನನ್ನಲ್ಲ, ಕ್ಷಯಾಣುವಿನ ಮೈಕಾಲಿಕ್ ಆಮ್ಲವನ್ನೇ ಎಂದು ಅವರು ಪ್ರಯೋಗದಿಂದ ತೋರಿಸಿದರು. ಯಾವ ಮೇಣವು ರೋಗಾಣುವಿಗೆ ಕವಚವೋ ಅದೇ ಅದರ ಗುಟ್ಟನ್ನು ಬಯಲುಮಾಡುವ ಗುರುತೂ ಆಯಿತು.

ಆ ಜಿಡ್ಡನ್ನು ಎತ್ತಿ ತೋರಿಸುವ ಸಾಧನಕ್ಕೆ ಸಿಡಿ-೧ ಎಂದು ಹೆಸರು. ಅದರೊಳಗೆ ನೀರೊಲ್ಲದ ಆಳವಾದ ತೋಡುಗಳಿವೆ. ಕೊಬ್ಬಿನ ಉದ್ದನೆಯ ಬಾಲವು ಆ ತೋಡಿನೊಳಗೆ ಹುದುಗುವುದು. ತಲೆ ಮಾತ್ರ ಹೊರಗೆ ಕಾಣುವುದು. ಟಿ-ಕಣವು ಆ ತಲೆಯನ್ನು ತಡವಿ ನೋಡಿ ತನ್ನವನೋ ಪರಕೀಯನೋ ಎಂಬುದನ್ನು ನಿರ್ಣಯಿಸುವುದು. ಪ್ರೋಟೀನುಗಳನ್ನು ತೋರಿಸುವ ಸಾಧನಗಳು ಒಬ್ಬರಿಂದೊಬ್ಬರಿಗೆ ಭೇದವುಳ್ಳವು, ಒಡಹುಟ್ಟಿದವರಲ್ಲಿಯೂ ಹೊಂದಿಕೆಯಾಗದಿರುವುದುಂಟು. ಸಿಡಿ-೧ ಹಾಗಲ್ಲ. ಅರಸನಲ್ಲಾಗಲಿ ಆಳಿನಲ್ಲಾಗಲಿ ಅದು ಹೆಚ್ಚುಕಡಿಮೆ ಒಂದೇ ತೆರನಾದುದು. ಎಲ್ಲರಿಗೂ ಸಲ್ಲುವ ಲಸಿಕೆಯೊಂದನ್ನು ಇದರಿಂದ ಪಡೆಯಬಹುದೆಂದು ಪಂಡಿತರು ಆಶಿಸುತ್ತಿದ್ದಾರೆ. ಆದರೆ ಮೈಕಾಲಿಕ್ ಆಮ್ಲವನ್ನು ತೋರಿಸುವ ಬಗೆಯ ಸಿಡಿ-೧ ಪ್ರಯೋಗಶಾಲೆಯ ಇಲಿಗಳಲ್ಲಿ ಇಲ್ಲವಾದುದರಿಂದ ಆ ಕೆಲಸ ನಿಧಾನವಾಗಿ ಸಾಗಿದೆ. ಅಂಥ ಲಸಿಕೆ ಇನ್ನೂ ಸಿದ್ಧವಾಗಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಇನ್ನೊಂದುಂಟು. ಈ ಕಾವಲುಗಾರರಲ್ಲಿ ಕೆಲವರು ನಮ್ಮದೇ ಜಿಡ್ಡನ್ನೂ ಗುರುತಿಸಬಲ್ಲರು. ಚರ್ಮದ ಮೇಲಣ ಸಹಜವಾದ ಎಣ್ಣೆಗಳಿಗೇ ಓಗೊಡುವ ಟಿ-ಕಣಗಳಿವೆಯೆಂದು ೧೯೧೪ರಲ್ಲಲ್ಲ, ತೀರ ಈಚೆಗೆ, ೨೦೧೪ರಲ್ಲಿ ಪ್ರಕಟವಾಯಿತು. ಹಾಗಿದ್ದರೂ ನಮ್ಮ ಮೈ ನಿತ್ಯವೂ ಉರಿಯುವುದಿಲ್ಲ. ಆ ಎಣ್ಣೆಗಳು ಮೇಲ್ಪದರದಲ್ಲಿರುವುವು, ಕಾವಲುಗಾರರು ಒಳಗಿರುವರು. ಅಲ್ಲದೆ ನಮ್ಮ ಇತರ ಕೆಲವು ಕೊಬ್ಬುಗಳು ಸಿಡಿ-೧ರಲ್ಲಿ ಕುಳಿತಾಗ ಟಿ-ಕಣವನ್ನು ಹತ್ತಿರ ಬರಗೊಡುವುದಿಲ್ಲ. ಈ ಸಂಯಮವು ಕೆಟ್ಟಾಗ ತೊಂದರೆಯುಂಟು. ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಈ ಕಣಗಳ ಕೈವಾಡ ಕಂಡುಬಂದಿದೆ. ಅಮೆರಿಕದ ವಿಷಬಳ್ಳಿಯೊಂದರ ಎಣ್ಣೆ ತಗುಲಿ ಮೈ ಬೊಬ್ಬೆಯೇಳುವುದಕ್ಕೂ ಸಿಡಿ-೧ ಸಹಾಯಕವೆಂದು ೨೦೧೬ರಲ್ಲಿ ತಿಳಿದುಬಂದಿತು. ಆ ಬಳ್ಳಿಯು ನಮ್ಮ ಮಾವು, ಗೇರುಗಳ ಕುಟುಂಬಕ್ಕೇ ಸೇರಿದುದು. ಮಾವಿನ ಸೊನೆ ತಗುಲಿ ತುಟಿ ಸುಟ್ಟುಕೊಂಡ ಮಕ್ಕಳು ಯಾರ ಮನೆಯಲ್ಲಿಲ್ಲ?

ಕಾವಲುಗಾರನು ಗುರುತಿಸಬೇಕು, ಆದರೆ ಗುರುತಿಸಿದುದನ್ನೆಲ್ಲ ಹೊಡೆಯಬಾರದು. ದೇಹಕ್ಕೆ ತಿಳಿದಿರುವ ಈ ವಿವೇಕವು ಗೃಹಸ್ಥರಾದ ನಮಗೂ ಬೇಕಾದುದು. ಮನೆಗೆ ಕ್ಷಯವು ಬಂದರೆ ರೋಗವನ್ನು ಬೇಗನೆ ಗುರುತಿಸೋಣ, ಕಿಟಕಿಗಳನ್ನು ತೆರೆದಿಡೋಣ, ಔಷಧಿಯನ್ನು ಕೊನೆಯ ದಿನದವರೆಗೂ ಕೊಡಿಸೋಣ. ರೋಗಿಯನ್ನು ಮಾತ್ರ ನಮ್ಮವರೆಂದೇ ಕಾಣೋಣ.