‘ಆಮೇಲೆ ನೆನಪಿಸು’

ಹೊಟಗಿಯಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆದು ವಿಜಯಪುರದತ್ತ ಸಾಗುವ ರೈಲು ಮಹಾರಾಷ್ಟ್ರದ ಗಡಿ ದಾಟುವ ಮೊದಲು ತಡವಳದ ನಿಲ್ದಾಣವನ್ನು ಹಾಯುತ್ತದೆ. ಅಕ್ಕಲಕೋಟ ತಾಲ್ಲೂಕಿನ ಈ ಊರಿನಲ್ಲಿ ಕಚೇರಿಯ ಕಾಗದ ಮರಾಠಿಯದು, ಕಟ್ಟೆಯ ಮಾತು ಕನ್ನಡದ್ದು. ಎರಡೂ ಒಂದೇ ಮೇಜಿನ ಮೇಲೆ ಕೂಡುವ ಸ್ಥಳಗಳಲ್ಲಿ ಊರಿನ ಒಂದು ಸಹಕಾರಿ ಸೊಸಾಯಿಟಿಯೂ ಸೇರಿದೆ. ಅಲ್ಲಿ ಏಳು ಕಂಪ್ಯೂಟರುಗಳಿವೆ. ಏಳನ್ನೂ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಅಂಗಡಿಗಳಲ್ಲಿ, ಕೈಯಲ್ಲಿದ್ದ ಹಣ ನೋಡಿ ಕೊಂಡದ್ದು. ಅವುಗಳ ಉಸ್ತುವಾರಿ ಎಂಬ ಹುದ್ದೆ ಅಲ್ಲಿಲ್ಲ. ಲೆಕ್ಕ ಬರೆಯುವ ತರುಣನಿಗೆ ಸ್ವಲ್ಪ ತಿಳಿಯುತ್ತದೆ ಎಂಬ ಕಾರಣಕ್ಕೆ ಆ ಹೊರೆ ಅವನ ಹೆಗಲೇರಿತು.

2024ರ ಖಾರೀಫ್ ಬೆಳೆವಿಮೆಗೆ ಮಹಾರಾಷ್ಟ್ರದಲ್ಲಿ ಜುಲೈ 31 ಕೊನೆಯ ದಿನವಾಗಿತ್ತು. ರೈತನ ಪಾಲಿನ ಕಂತು ಒಂದೇ ರೂಪಾಯಿ. ಒಂದು ರೂಪಾಯಿಯ ಕೆಲಸವನ್ನು ಯಾರೂ ಬೇಗ ಮಾಡುವುದಿಲ್ಲವೆಂಬುದು ಲೋಕಾನುಭವ. ಆದ್ದರಿಂದ ಆ ಬುಧವಾರ ಬೆಳಿಗ್ಗೆ ಏಳಕ್ಕೇ ಸೊಸಾಯಿಟಿಯ ಬಾಗಿಲಲ್ಲಿ ಸರತಿ ನಿಂತಿತ್ತು. ತರುಣ ಎಂದಿಗಿಂತ ಮೂರು ತಾಸು ಮುಂಚೆ ಬಾಗಿಲು ತೆರೆದು, ಅರ್ಜಿ ತುಂಬುವ ಎರಡು ಯಂತ್ರಗಳನ್ನು ಚಾಲೂ ಮಾಡಿದ. ಏಳೂವರೆಗೆ ಅವುಗಳಲ್ಲಿ ಒಂದರ ಪರದೆ ನೀಲಿಯಾಗಿ, ನವೀಕರಣ ನಡೆಯುತ್ತಿದೆ, ಯಂತ್ರವನ್ನು ಬಂದ್ ಮಾಡಬೇಡಿ ಎಂಬ ಒಕ್ಕಣೆ ಮೂಡಿತು. ಶೇಕಡಾ 27ರ ಅಂಕಿಗೆ ಬಂದು ನಿಂತದ್ದು ಬಹಳ ಹೊತ್ತು ಅಲ್ಲಿಯೇ ನಿಂತಿತು.

ಎದುರಿಗೆ ಕುಳಿತಿದ್ದ ಮುದುಕಿಯ ತೊಗರಿ ಹೊಲದ ಉತಾರ ಮೇಜಿನ ಮೇಲಿತ್ತು.

‘ತಮ್ಮಾ, ನನ್ನ ಹೊಲ ಅದರೊಳಗ ಸಿಕ್ಕೊಂಡದೇನು?’

‘ಇಲ್ಲ ಆಯಿ, ಮಶೀನು ಅಪ್‌ಡೇಟ್ ಆಗ್ಲಾಕ್ಹತ್ತದ. ಒಂದು ತಾಸು ತಡೀರಿ.’

‘ಇವತ್ತ ಆಖರಿ ದಿನ ಅಂತ ಅದಕ್ಕ ಮದಲ ಹೇಳಬಾರದಿತ್ತೇನು?’

ಸರತಿಯಲ್ಲಿದ್ದವರು ನಕ್ಕರು. ಮುದುಕಿ ನಗಲಿಲ್ಲ. ಆಕೆ ಕೇಳಿದ್ದು ತಮಾಷೆಯ ಪ್ರಶ್ನೆಯೇನೂ ಆಗಿರಲಿಲ್ಲ. ಯಂತ್ರಕ್ಕೆ ಕೆಲಸದ ವೇಳೆಯನ್ನು ತಿಳಿಸುವ ಏರ್ಪಾಡು ವಿಂಡೋಸ್‌ನಲ್ಲಿ ಉಂಟು. ಆ ಯಂತ್ರಕ್ಕೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಎಂದು ಹೇಳಲಾಗಿತ್ತು. ಏಳೂವರೆಯಲ್ಲಿ ಕಚೇರಿ ಮುಚ್ಚಿದೆಯೆಂದೇ ಅದರ ತಿಳಿವಳಿಕೆ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿತು.

ಆದರೆ ಮೂರು ವಾರಗಳಿಂದ ಕಾದಿದ್ದ ನವೀಕರಣ ಅದೇ ದಿನ ಏಕೆ ಬಂತು? ಮೈಕ್ರೋಸಾಫ್ಟ್ ಸಂಸ್ಥೆ 2003ರಿಂದ ತನ್ನ ತೇಪೆಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತ ಬಂದಿದೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಜುಲೈ 9ರ ತೇಪೆ ಮರುದಿನವೇ ತಡವಳಕ್ಕೆ ಬಂದಿತ್ತು. ಮರುಪ್ರಾರಂಭಕ್ಕೆ ಅನುಮತಿ ಕೇಳಿದಾಗಲೆಲ್ಲ ತರುಣ ‘ಆಮೇಲೆ ನೆನಪಿಸು’ ಎಂಬ ಗುಂಡಿಯನ್ನು ಒತ್ತಿದ್ದ. ಮೊದಮೊದಲು ಕೆಲಸದ ಅವಸರಕ್ಕೆ, ಜುಲೈ 19ರ ಬಳಿಕ ಹೆದರಿಕೆಗೆ.

ಆ ಶುಕ್ರವಾರದ ಸುದ್ದಿ ಯಾರನ್ನಾದರೂ ಹೆದರಿಸುವಂಥದೇ ಆಗಿತ್ತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ಗ್ರಾಹಕರ ಯಂತ್ರಗಳಿಗೆ ಕಳುಹಿಸಿದ ಒಂದು ಸಣ್ಣ ಕಡತದಲ್ಲಿ ದೋಷವಿತ್ತು. ಭಾರತೀಯ ವೇಳೆ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಹೊರಟ ಕಡತವನ್ನು 10 ಗಂಟೆ 57 ನಿಮಿಷಕ್ಕೆ ಹಿಂದೆಗೆದುಕೊಂಡರು. ಒಂದೂಕಾಲು ತಾಸಿನ ಆ ಅವಧಿಯಲ್ಲಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಿಂದ ಬರೆದುಕೊಟ್ಟರು. ದೋಷದ ಕಡತವನ್ನು ದೂರದಿಂದ ಅಳಿಸುವುದು ಬಹುಪಾಲು ಯಂತ್ರಗಳಲ್ಲಿ ಸಾಧ್ಯವಾಗಲಿಲ್ಲ. ಒಂದೊಂದರ ಮುಂದೆಯೂ ಮನುಷ್ಯ ಹೋಗಿ ಕೂರಬೇಕಾಯಿತು. ತಡವಳದ ಸೊಸಾಯಿಟಿಗೆ ಆ ಸಂಸ್ಥೆಯ ಸಂಬಂಧವೇ ಇರಲಿಲ್ಲ. ಆದರೂ ‘ಅಪ್‌ಡೇಟಿನಿಂದ ಲೋಕ ನಿಂತಿತು’ ಎಂಬ ಮಾತು ಮಾತ್ರ ಊರು ಮುಟ್ಟಿತು. ಮುಟ್ಟದಿದ್ದದ್ದು ಅದರ ಕಾರಣ. ಆ ಬಗೆಯ ಕಡತವನ್ನು ಕೆಲವೇ ಯಂತ್ರಗಳಲ್ಲಿ ಮೊದಲು ಹಾಕಿ ನೋಡದೆ ಎಲ್ಲ ಗ್ರಾಹಕರಿಗೂ ಒಮ್ಮೆಗೇ ಬಿಟ್ಟದ್ದೇ ಅನಾಹುತವನ್ನು ಅಷ್ಟು ದೊಡ್ಡದಾಗಿಸಿತ್ತು.

ತರುಣನ ಹೆದರಿಕೆಯನ್ನು ತಪ್ಪೆನ್ನುವುದು ಸುಲಭ, ನ್ಯಾಯವಲ್ಲ. ಆದರೆ ಇನ್ನೊಂದು ಪಕ್ಷದ ಸಾಕ್ಷ್ಯವನ್ನೂ ಕೇಳಬೇಕು. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ಕ್ರಿಮಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಯಂತ್ರಗಳಿಗೆ ಬೀಗ ಜಡಿದು, ಬಿಚ್ಚಲು 300 ಡಾಲರ್ ಕೇಳಿತು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ತೇಪೆ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆಯಾಗಿತ್ತು. ಎರಡು ತಿಂಗಳು ‘ಆಮೇಲೆ’ ಎಂದವರೂ, 2014ರಲ್ಲಿಯೇ ಆಸರೆ ಕಳೆದುಕೊಂಡ ಎಕ್ಸ್‌ಪಿಯಂಥ ಹಳೆಯ ವ್ಯವಸ್ಥೆಗಳನ್ನು ಉಳಿಸಿಕೊಂಡವರೂ ಬಯಲಲ್ಲಿ ನಿಂತರು. ಲಂಡನ್ನಿನ ಆಸ್ಪತ್ರೆಗಳ ಕಥೆ ಎಲ್ಲರೂ ಓದಿದ್ದು. ಹಳ್ಳಿಯ ಓದುಗನಿಗೆ ಹತ್ತಿರದ ಕಥೆ ಕೇರಳದ್ದು: ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತಿಯ ಕಚೇರಿ ಸೋಮವಾರ ಬಾಗಿಲು ತೆರೆದಾಗ ಅಲ್ಲಿನ ಕಂಪ್ಯೂಟರುಗಳ ಮೇಲೆ ಅದೇ ಸುಲಿಗೆಯ ಪತ್ರವಿತ್ತು. ಗ್ರಾಮ ಪಂಚಾಯತಿಯಲ್ಲಿ ಕದಿಯಲು ಏನಿದೆ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಕ್ರಿಮಿ ಮನೆಯ ಹೆಸರು ಕೇಳಿ ಬರುವುದಿಲ್ಲ, ತೆರೆದ ಕಿಂಡಿ ಕಂಡು ಬರುತ್ತದೆ.

ಸಹಕಾರಿ ರಂಗಕ್ಕೆ ಇನ್ನೂ ಹತ್ತಿರದ ಸಾಕ್ಷ್ಯ ಒದಗಿದ್ದು ತಡವಳದಲ್ಲಿ ಮುದುಕಿ ಕಾದು ಕುಳಿತ ಅದೇ ದಿನ. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಸುಲಿಗೆ ದಾಳಿಯ ಶಂಕೆ ಬಂದುದರಿಂದ, ರಾಷ್ಟ್ರೀಯ ಪಾವತಿ ನಿಗಮ 2024ರ ಜುಲೈ 31ರಂದು ಅದನ್ನು ತನ್ನ ಜಾಲದಿಂದ ಪ್ರತ್ಯೇಕಿಸಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರ ಯುಪಿಐ, ಎಟಿಎಂ ವ್ಯವಹಾರಗಳಿಗೆ ತಡೆ ಬಿತ್ತು. ಮರುದಿನ ಸಂಪರ್ಕ ಮರಳಿತು. ಸಣ್ಣವರ ಹಣಕ್ಕೆ ಯಾರೂ ಕೈ ಹಾಕುವುದಿಲ್ಲ ಎಂಬ ಸಮಾಧಾನ ಮಾತ್ರ ಮರಳಲಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೆಂದು ಹಲವರ ನಂಬಿಕೆ. ಹಾಗೇನಿಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ 2008ರ ತಿದ್ದುಪಡಿಯಿಂದ ಸೇರಿದ 43ಎ ಕಲಮು, ಸೂಕ್ಷ್ಮ ಮಾಹಿತಿಯನ್ನು ಇಟ್ಟುಕೊಂಡವರು ಯುಕ್ತವಾದ ಭದ್ರತಾ ಕ್ರಮಗಳನ್ನು ಅನುಸರಿಸುವಲ್ಲಿ ನಿರ್ಲಕ್ಷ್ಯ ತೋರಿ ಮತ್ತೊಬ್ಬರಿಗೆ ನಷ್ಟ ಉಂಟುಮಾಡಿದರೆ ಪರಿಹಾರ ಕೊಡತಕ್ಕದ್ದೆಂದು ವಿಧಿಸಿತು. ಬ್ಯಾಂಕ್ ಖಾತೆಯ ವಿವರ ಸೂಕ್ಷ್ಮ ಮಾಹಿತಿಯೆಂದು 2011ರ ನಿಯಮಗಳು ಹೇಳುತ್ತವೆ. ವ್ಯಕ್ತಿಗಳ ಒಕ್ಕೂಟವೂ ವಾಣಿಜ್ಯ ವ್ಯವಹಾರ ನಡೆಸಿದರೆ ಆ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅದರ ಸ್ಥಾನಕ್ಕೆ ಬರಲಿರುವ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ, ಭದ್ರತೆಯ ಲೋಪಕ್ಕೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಆ ಅಂಕಿ ಹಳ್ಳಿಯ ಸೊಸಾಯಿಟಿಗಾಗಿ ಬರೆದದ್ದಲ್ಲವೆಂಬುದು ನಿಜ. ಆದರೆ ‘ಯುಕ್ತವಾದ ಕ್ರಮ’ ಯಾವುದೆಂಬ ವಾದ ಎದ್ದಾಗ, ಪುಕ್ಕಟೆಯಾಗಿ ಮನೆಬಾಗಿಲಿಗೆ ಬಂದ ತೇಪೆಯನ್ನು ತಿಂಗಳುಗಟ್ಟಲೆ ಹೊರಗೆ ನಿಲ್ಲಿಸಿದ್ದನ್ನು ಸಮರ್ಥಿಸುವ ವಕೀಲನ ಪಾಡು ಕಷ್ಟದ್ದು.

ಆ ದಿನ ಕೊನೆಗೆ ಆದದ್ದಿಷ್ಟು: ಯಂತ್ರ ಎರಡು ತಾಸಿನ ಮೇಲೆ ಎದ್ದಿತು, ಹಳೆಯ ತಿರುಗುವ ಡಿಸ್ಕಿನ ಯಂತ್ರಗಳು ಅಷ್ಟು ಹೊತ್ತು ತೆಗೆದುಕೊಳ್ಳುವುದು ಅಪರೂಪವಲ್ಲ. ಅಷ್ಟರಲ್ಲಿ ಕೆಲವರು ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋಗಿದ್ದರು. ಮುದುಕಿಯ ಅರ್ಜಿ ಸಂಜೆಯೊಳಗೆ ಸೇರಿತು. ಆಕೆ ಪಾವತಿಯನ್ನು ಸೆರಗಿನ ಗಂಟಿಗೆ ಹಾಕಿಕೊಂಡು, ಯಂತ್ರದತ್ತ ಒಮ್ಮೆ ನೋಡಿ ಎದ್ದಳು.

ಮರುದಿನ ತರುಣ ಒಂದು ಉದ್ದನೆಯ ರಜಿಸ್ಟರಿನಲ್ಲಿ ಗೆರೆ ಎಳೆದ. ಯಾವ ಯಂತ್ರ, ಯಾವ ವರ್ಷದ್ದು, ಯಾವ ಆವೃತ್ತಿ, ಕೊನೆಯ ನವೀಕರಣ ಎಂದು, ಏನು ತೊಡಕು ಬಂತು ಎಂಬ ಐದು ಮನೆಗಳು. ಬರೆಯುತ್ತ ಹೋದಂತೆ, ಏಳರಲ್ಲಿ ಎರಡು ಯಂತ್ರಗಳು ಒಂದು ವರ್ಷದಿಂದ ಯಾವ ತೇಪೆಯನ್ನೂ ಪಡೆದಿಲ್ಲವೆಂದು ತಿಳಿಯಿತು. ಡಿಸ್ಕಿನಲ್ಲಿ ಜಾಗವಿಲ್ಲದೆ ಅವು ಪ್ರತಿ ತಿಂಗಳೂ ಯತ್ನಿಸಿ, ಸೋತು, ಸುಮ್ಮನಾಗುತ್ತಿದ್ದವು. ಗದ್ದಲ ಮಾಡಿದ ಯಂತ್ರದ ಮೇಲೆ ಎಲ್ಲರ ಸಿಟ್ಟು; ಅಪಾಯವಿದ್ದದ್ದು ಸದ್ದಿಲ್ಲದ ಯಂತ್ರಗಳಲ್ಲಿ.

ಅನಂತರದ ಕ್ರಮ ಸರಳವಾದದ್ದು. ಹಿಂದಿನ ಕೋಣೆಯ ಯಂತ್ರಕ್ಕೆ ತೇಪೆ ಬಂದ ದಿನವೇ ಹಾಕುವುದು. ಅದರಲ್ಲಿ ಮುದ್ರಣ ನಡೆಯುತ್ತದೆಯೆ, ಬೆರಳಚ್ಚಿನ ಸಾಧನ ಓಡುತ್ತದೆಯೆ, ಲೆಕ್ಕದ ತಂತ್ರಾಂಶ ತೆರೆಯುತ್ತದೆಯೆ ಎಂದು ಒಂದು ವಾರ ನೋಡುವುದು. ಆಮೇಲೆ ಎರಡೆರಡಾಗಿ ಉಳಿದವಕ್ಕೆ. ವೃತ್ತಿಪರ ಆವೃತ್ತಿಯ ವಿಂಡೋಸ್‌ನಲ್ಲಿ ಮಾಸಿಕ ತೇಪೆಯನ್ನು 30 ದಿನಗಳವರೆಗೆ ಕ್ರಮಬದ್ಧವಾಗಿ ಮುಂದೂಡಬಹುದು. ಗೃಹ ಆವೃತ್ತಿಯಲ್ಲಿ ಆ ಸೌಲಭ್ಯವಿಲ್ಲ, ತಾತ್ಕಾಲಿಕ ತಡೆ ಮಾತ್ರ ಉಂಟು. ಅಗ್ಗವೆಂದು ಗೃಹ ಆವೃತ್ತಿ ಕೊಂಡ ಕಚೇರಿಗಳು ಈ ವ್ಯತ್ಯಾಸವನ್ನು ತಡವಾಗಿ ಕಲಿಯುತ್ತವೆ. ಒಂದು ಯಂತ್ರ ಇಳಿಸಿಕೊಂಡ ತೇಪೆಯನ್ನು ಅದೇ ಜಾಲದ ಉಳಿದವು ಹಂಚಿಕೊಳ್ಳುವ ಏರ್ಪಾಡು ವಿಂಡೋಸ್ 10ರಲ್ಲಿಯೇ ಇತ್ತು; ಅದನ್ನು ಚಾಲೂ ಮಾಡಿದ ಮೇಲೆ ಬೆಳಗಿನ ಇಂಟರ್‌ನೆಟ್ ಉಸಿರಾಡತೊಡಗಿತು. ಸಾವಿರ ಯಂತ್ರಗಳ ದೊಡ್ಡ ಸಂಸ್ಥೆಗಳು ಇದಕ್ಕೆಂದೇ ಪ್ರತ್ಯೇಕ ಸರ್ವರ್ ಇಡುತ್ತವೆ. ಏಳು ಯಂತ್ರಗಳಿಗೆ ರಜಿಸ್ಟರೇ ಸಾಕು. ಹೊಟಗಿಯಿಂದ ವಿಜಯಪುರದವರೆಗಿನ ಮೀಟರ್ ಗೇಜನ್ನು ಬ್ರಾಡ್ ಗೇಜಿಗೆ ಬದಲಿಸಿದವರೂ ಗದಗದವರೆಗಿನ ಹಳಿಯನ್ನು ಒಂದೇ ಸಲಕ್ಕೆ ಕಿತ್ತವರಲ್ಲ. ತುಂಡು ತುಂಡಾಗಿ ಮಾಡುತ್ತ ಹೋದರು.

ನ್ಯಾಯಾಲಯಗಳು ಬೇರೆಯೇ ದಾರಿ ಹಿಡಿದವು. ಸರ್ವೋಚ್ಚ ನ್ಯಾಯಾಲಯದ ಇ-ಸಮಿತಿ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಿಗೆ ಉಬುಂಟು ಲಿನಕ್ಸ್ ಆಯ್ದುಕೊಂಡಿತು. ಪುಣೆಯ ಎನ್‌ಐಸಿ ರೂಪಿಸಿದ ಪ್ರಕರಣ ಮಾಹಿತಿ ತಂತ್ರಾಂಶವೂ ಮುಕ್ತ ತಂತ್ರಾಂಶವೇ. ಪರವಾನಗಿಯ ಹಣ ಉಳಿಯಿತು. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಅದಕ್ಕೆ ಆಸರೆ ಇರುತ್ತದೆ. ಆಸರೆಯ ಅವಧಿ ಮೊದಲೇ ಗೊತ್ತಿರುವುದರಿಂದ ಬದಲಾವಣೆಯ ವರ್ಷವನ್ನೂ ಮೊದಲೇ ಗೊತ್ತುಮಾಡಬಹುದು. ವರ್ಡ್‌ನಲ್ಲಿ ಸಿದ್ಧಪಡಿಸಿದ ಅರ್ಜಿ ಅಲ್ಲಿ ತೆರೆದಾಗ ಅಂಚು ಕದಲುವುದುಂಟು, ಹಿರಿಯ ವಕೀಲರು ಗೊಣಗುವುದೂ ಉಂಟು. ಅದು ಬೇರೆ ಮಾತು.

ಗಡಿನಾಡಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ನವೀಕರಣ ಇಲ್ಲಿ ಲಿಪಿಯ ಪ್ರಶ್ನೆಯೂ ಹೌದು. 2010ರ ಜುಲೈನಲ್ಲಿ ಒಪ್ಪಿಗೆ ಪಡೆದ ರೂಪಾಯಿಯ ಚಿಹ್ನೆ ವಿಂಡೋಸ್ ಯಂತ್ರಗಳಿಗೆ ಬಂದದ್ದು 2011ರ ಒಂದು ನವೀಕರಣದ ಮೂಲಕ. ಅದನ್ನು ಹಾಕಿಕೊಳ್ಳದ ಯಂತ್ರಗಳಲ್ಲಿ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ಕಾಣುತ್ತಿತ್ತು. ಕನ್ನಡದ ತುಂಗಾ ಅಕ್ಷರ ವಿಂಡೋಸ್ ಎಕ್ಸ್‌ಪಿಯೊಡನೆ ಬಂತು. ವಿಂಡೋಸ್ 10ರಲ್ಲಿ ಅದು ಬೇಕೆಂದವರು ಬೇರೆಯಾಗಿ ಕೇಳಿ ಪಡೆಯುವ ಪಟ್ಟಿಗೆ ಸರಿದು, ನಿರ್ಮಲಾ ಎಂಬ ಅಕ್ಷರ ಆ ಸ್ಥಾನಕ್ಕೆ ನಿಂತಿತು. ಯುನಿಕೋಡ್‌ನಲ್ಲಿ ಬರೆದ ಬರಹಕ್ಕೆ ಇದರಿಂದ ಪುಟ ಕದಲುವುದರ ಹೊರತು ಹಾನಿಯಿಲ್ಲ. ಆದರೆ ಯುನಿಕೋಡ್‌ಗೆ ಮುಂಚಿನ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕನ್ನಡದ ಕಡತಗಳು, ಆ ಫಾಂಟು ಇಲ್ಲದ ಹೊಸ ಯಂತ್ರದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಸೊಸಾಯಿಟಿಯ ಹಳೆಯ ಕನ್ನಡ ಸೂಚನಾಪತ್ರಗಳು ಹೀಗೆ ಕೈತಪ್ಪುವ ಹಂತದಲ್ಲಿದ್ದವು. ಮರಾಠಿಯ ಹಳೆಯ ಕಡತಗಳ ಗತಿಯೂ ಅದೇ ಆಗಿತ್ತು. ಈ ಒಂದು ವಿಷಯದಲ್ಲಿ ಎರಡು ಭಾಷೆಗಳಿಗೂ ಯಂತ್ರ ಸಮಾನ ನ್ಯಾಯ ಮಾಡಿತು. ತರುಣ ಹಳೆಯ ಯಂತ್ರ ಕೈಕೊಡುವ ಮೊದಲೇ ಅವನ್ನೆಲ್ಲ ಯುನಿಕೋಡ್‌ಗೆ ಬದಲಿಸಿದ. ರಜಿಸ್ಟರಿಗೆ ಆರನೆಯ ಮನೆಯೊಂದು ಸೇರಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಸರೆ ಮುಗಿಯಿತು. ಅದಕ್ಕೆ ಮುಂಚಿನ ಸೆಪ್ಟೆಂಬರಿನಲ್ಲಿ ನಡೆದ ಸೊಸಾಯಿಟಿಯ ವಾರ್ಷಿಕ ಸಭೆಯಲ್ಲಿ ಆ ರಜಿಸ್ಟರನ್ನು ಮಂಡಿಸಲಾಯಿತು. ಏಳರಲ್ಲಿ ನಾಲ್ಕು ಯಂತ್ರಗಳಿಗೆ ವಿಂಡೋಸ್ 11 ಕೇಳುವ ಪ್ರೊಸೆಸರು ಇರಲಿಲ್ಲ. ಸಂಸ್ಥೆಗಳು ಹಣ ಕೊಟ್ಟು ಆಸರೆ ಮುಂದುವರಿಸಿಕೊಳ್ಳಬಹುದಾಗಿತ್ತು: ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಅನಂತರ ಪ್ರತಿ ವರ್ಷ ದುಪ್ಪಟ್ಟು, ಮೂರು ವರ್ಷದವರೆಗೆ ಮಾತ್ರ.

‘ನಡಿಯೋ ಎತ್ತು ಯಾಕ ಮಾರಬೇಕ್ರಿ?’ ಎಂದು ಒಬ್ಬ ಸದಸ್ಯರು ಎದ್ದರು. ಪ್ರಶ್ನೆ ಸಹಜವಾದದ್ದೇ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕುವಂತೆ ದೂರದ ಕಂಪನಿಯೊಂದು ದಿನ ಗೊತ್ತುಮಾಡುವುದರಲ್ಲಿ ಅನ್ಯಾಯದ ಅಂಶ ಇದ್ದೇ ಇದೆ. ಅದನ್ನು ಸಭೆಯಲ್ಲಿ ಯಾರೂ ಅಲ್ಲಗಳೆಯಲಿಲ್ಲ. ತರುಣ ಹೇಳಿದ್ದು ಒಂದೇ ಮಾತು: ‘ಎತ್ತು ನಡೀತದ್ರಿ ಕಾಕಾ, ಕೊಟ್ಟಿಗಿ ಬಾಗಲಕ್ಕ ಅಗಳಿ ಇರಾಂಗಿಲ್ಲ.’

ಅರ್ಧ ತಾಸಿನ ವಾದದ ಬಳಿಕ ನಿರ್ಣಯವಾಯಿತು. ಎರಡು ಹೊಸ ಯಂತ್ರ ಕೊಳ್ಳುವುದು, ಅವು ವೃತ್ತಿಪರ ಆವೃತ್ತಿಯವೇ ಆಗಿರತಕ್ಕದ್ದು. ಹಳೆಯ ನಾಲ್ಕರಲ್ಲಿ ಎರಡಕ್ಕೆ ಉಬುಂಟು ಹಾಕಿ ಪತ್ರವ್ಯವಹಾರಕ್ಕೆ ಇಟ್ಟುಕೊಳ್ಳುವುದು, ಒಂದನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ ಹಳೆಯ ಕಡತಗಳ ಸಲುವಾಗಿ ಉಳಿಸುವುದು, ಕೆಟ್ಟು ನಿಂತ ಇನ್ನೊಂದನ್ನು ವಿಲೇವಾರಿ ಮಾಡುವುದು. ಕಲಾಪದ ಪುಸ್ತಕದಲ್ಲಿ ಇದೆಲ್ಲ ಮರಾಠಿಯಲ್ಲಿ ದಾಖಲಾಗಿದೆ. ರಜಿಸ್ಟರಿನ ಮೊದಲ ಪುಟದಲ್ಲಿ ಮಾತ್ರ ಕನ್ನಡದ ಸಾಲೊಂದಿದೆ, ಕೆಂಪು ಶಾಯಿಯಲ್ಲಿ: ಮಾರ್ಚ್ 31, ಜುಲೈ 31 ಮತ್ತು ಅವುಗಳ ಹಿಂದಿನ ಒಂದು ವಾರ ಯಾವ ಯಂತ್ರಕ್ಕೂ ಕೈ ಹಚ್ಚಬಾರದು; ಅದಕ್ಕೂ ಮೊದಲೇ ಎಲ್ಲ ಮುಗಿಸಿರಬೇಕು.