ಸಂಸ್ಕಾರ, ಬಾಳೆಹಣ್ಣು ಮತ್ತು ನಮ್ಮಕ್ಕ

ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಬಂದದ್ದು 1965ರಲ್ಲಿ. ಇವತ್ತಿಗೂ ನಾಲ್ಕು ಜನ ಓದುವವರು ಸೇರಿದ ಕಡೆ ಅದರ ಹೆಸರೆತ್ತಿ ನೋಡಿ, ಎರಡು ನಿಮಿಷದಲ್ಲಿ ಮಾತು ಆ ಕಾಡಿನ ರಾತ್ರಿಗೆ ಬಂದು ನಿಲ್ಲುತ್ತದೆ. ಪ್ರಾಣೇಶಾಚಾರ್ಯರಂಥ ಪಂಡಿತರು ಚಂದ್ರಿಯ ಜೊತೆ ಹಾಗೆ ನಡೆದುಕೊಳ್ಳುವುದುಂಟೇ? ಅದನ್ನು ಹಾಗೆ ಬರೆಯುವುದುಂಟೇ? ಆಗಲೂ ಗಲಾಟೆ ಕಮ್ಮಿ ಇರಲಿಲ್ಲ. ಮಾಧ್ವ ಸಮುದಾಯದ ಹಲವರು ಸಿಟ್ಟಾದರು. ಪಟ್ಟಾಭಿರಾಮ ರೆಡ್ಡಿಯವರು ಸಿನಿಮಾ ಮಾಡಿದಾಗ ಸೆನ್ಸಾರ್ ಮಂಡಳಿ ಮೊದಲು ತಡೆಯಿತು, ಕೊನೆಗೆ 1970ರಲ್ಲಿ ಬಿಡುಗಡೆಯಾಗಿ ರಾಷ್ಟ್ರಪತಿಗಳ ಚಿನ್ನದ ಪದಕವನ್ನೇ ಹೊಡೆದುಕೊಂಡಿತು. ರಾಮಾನುಜನ್ನರ ಇಂಗ್ಲಿಷ್ ಅನುವಾದ ಬಂದದ್ದು 1976ರಲ್ಲಿ. ನೈಪಾಲ್ ಅಂತೂ ಇಡೀ ಹಿಂದೂ ಮನಸ್ಸಿಗೇ ರೋಗಪತ್ರ ಬರೆಯಲು ಈ ಕಾದಂಬರಿಯನ್ನು ಬಳಸಿಕೊಂಡರು. ಇರಲಿ ಬಿಡಿ, ದೊಡ್ಡವರ ಸುದ್ದಿ ದೊಡ್ಡವರಿಗೆ.

ನಾನು ಹೇಳಹೊರಟಿದ್ದು ನನಗೆ ಗೊತ್ತಿರುವ ಮೂವರು ಓದುಗರ ಬಗ್ಗೆ.

ಮೊದಲನೆಯವನು ಬೆಂಗಳೂರಿನ ನನ್ನ ರೂಮ್‌ಮೇಟ್. ಉಡುಪಿ ಕಡೆಯ ಮಾಧ್ವರ ಹುಡುಗ. ಚಂದ್ರಿ ವಿಷಯಕ್ಕೆ ಇವನಿಗೆ ಏನೂ ಬೇಜಾರಿಲ್ಲ, ಅದಕ್ಕಿಂತ ಹೆಚ್ಚಿನದನ್ನು ಮೊಬೈಲಿನಲ್ಲೇ ನೋಡಿದ್ದೇನೆ ಅಂತಾನೆ! ಅವನಿಗೆ ಚುಚ್ಚಿದ್ದು ಊಟದ ವಿಷಯ. "ಎಲ್ಲ ಬಿಟ್ಟು ನಮ್ಮವರನ್ನು ಹೊಟ್ಟೆಬಾಕರು ಮಾಡಿಬಿಟ್ರಲ್ಲ ಮಾರಾಯ" ಅಂದ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಹೌದಲ್ಲ, ಕಥೆ ಓಡುವುದೇ ಹಸಿವಿನ ಮೇಲೆ. ನಾರಣಪ್ಪ ಸತ್ತ. ಹೆಣ ಸುಡುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಯಾರು ಸುಡಬೇಕು ಅನ್ನುವುದು ತೀರ್ಮಾನವಾಗುವ ತನಕ ಹೆಣ ಸುಡುವಂತಿಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಶುದ್ಧ ಡೆಡ್‌ಲಾಕ್. ಸತ್ತವನ ಮೇಲಿನ ದೊಡ್ಡ ದೂರುಗಳಲ್ಲೊಂದು ಕೂಡ ಬಾಯಿಗೆ ಸಂಬಂಧಿಸಿದ್ದೇ: ಮಾಂಸ ತಿಂದ, ಹೆಂಡ ಕುಡಿದ, ದೇವಸ್ಥಾನದ ಹೊಂಡದ ಮೀನು ಹಿಡಿದ. ಅವನನ್ನು ಬೈಯುತ್ತ ಕೂತವರ ಹೊಟ್ಟೆಯೂ ಚುರುಗುಟ್ಟುತ್ತಿದೆ. ದಾಸಾಚಾರ್ಯ ತಡೆಯಲಾರದೆ ಪಾರಿಜಾತಪುರದ ಸ್ಮಾರ್ತರ ಮನೆಗೆ ಹೋಗಿ ಗುಟ್ಟಾಗಿ ತಿಂದು ಬರುತ್ತಾನೆ. ಇನ್ನು ಆ ಪ್ರಖ್ಯಾತ ರಾತ್ರಿ? ಆಚಾರ್ಯರಿಗೂ ಹಸಿವಾಗಿದೆ. ಚಂದ್ರಿ ಮಡಿಲಲ್ಲಿದ್ದ ಬಾಳೆಹಣ್ಣು ಸುಲಿದು ತಿನ್ನಿಸುತ್ತಾಳೆ. ಸೆನ್ಸಾರಿನವರಿಂದ ಹಿಡಿದು ನಮ್ಮವರೆಗೆ ಎಲ್ಲರೂ ಆ ಬಾಳೆಹಣ್ಣು ದಾಟಿಯೇ ಮುಂದೆ ಹೋಗಿಬಿಟ್ಟಿದ್ದೇವೆ.

ಎರಡನೆಯ ಓದುಗಳು ನಮ್ಮವ್ವ, ಆಕೆ ಓದಿದ್ದಲ್ಲ, ಕೇಳಿದ್ದು. ದೀಪಾವಳಿಗೆ ಬೈಲಹೊಂಗಲಕ್ಕೆ ಹೋದಾಗ ಆಕೆ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕಥೆ ಹೇಳಿದೆ. ನಾವು ಲಿಂಗಾಯತರು, ಬಸವಣ್ಣನವರ ಕಾಲಕ್ಕೇ ಸೂತಕ ಕಳೆದುಕೊಂಡವರು ಅಂತ ಹೇಳಿಕೊಳ್ಳುತ್ತೇವೆ (ಹೇಳಿಕೊಳ್ಳುವುದಷ್ಟೇ, ಅದು ಬೇರೆ ಮಾತು). ಸತ್ತ ಮನೆಯಲ್ಲಿ ಒಲೆ ಹಚ್ಚದಿದ್ದರೆ ಓಣಿಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹಾಗಾಗಿ ಅವ್ವನಿಗೆ ಇಡೀ ಪೇಚಾಟವೇ ಅರ್ಥವಾಗಲಿಲ್ಲ. "ಸಣ್ಣ ಹುಡುಗ್ರಿಗರೆ ಏನರೆ ತಿನ್ನಾಕ ಕೊಟ್ರೋ ಇಲ್ಲೋ?" ಅಂತ ಕೇಳಿದಳು. ಕಾಡಿನ ರಾತ್ರಿ ಬಂದಾಗ ಸುಮ್ಮನೆ ರೊಟ್ಟಿ ತಿರುವಿದಳು. ಆಮೇಲೆ "ಕಡೀಕ ಹೆಣಾ ಯಾರ್ ಎತ್ತಿದ್ರು?" ಅಂದಳು. ಚಂದ್ರಿ ಕರೆದಳು ಅಂತ ಒಬ್ಬ ಸಾಬರು ಬಂದು ರಾತ್ರೋರಾತ್ರಿ ಗಾಡಿಯಲ್ಲಿ ಒಯ್ದು ಸುಟ್ಟರು, ಊರವರಿಗೆ ಗೊತ್ತೇ ಆಗಲಿಲ್ಲ ಅಂದೆ. "ಹಂಗಾರ ಆ ಊರಾಗ ಇಬ್ಬರ ಮನಿಷ್ಯಾರು."

ಮೂರನೆಯವಳು ನಮ್ಮಕ್ಕ. ಸವದತ್ತಿ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ಮೂವತ್ತೊಂದು ವರ್ಷ. ಎಂಟು ಸಲ ಕನ್ಯಾ ನೋಡಲು ಬಂದಿದ್ದಾರೆ, ಎಂಟೂ ಸಲ ನಮ್ಮ ಮನೆಯ ಉಪ್ಪಿಟ್ಟು, ಶಿರಾ ಚೆನ್ನಾಗಿ ತಿಂದು ಎದ್ದು ಹೋಗಿ ಆಮೇಲೆ ಫೋನಿನಲ್ಲಿ "ಹುಡುಗಿ ಸ್ವಲ್ಪ ದಪ್ಪ ಅದಾಳ್ರಿ" ಅಂದಿದ್ದಾರೆ. ನಾಲ್ಕನೆಯವರು ಹೋದ ಮೇಲೆ ಮನೆಯಲ್ಲಿ ಅಕ್ಕನ ತಾಟಿಗೆ ರೊಟ್ಟಿ ಎರಡರಿಂದ ಒಂದಕ್ಕಿಳಿಯಿತು. ಯಾರೂ ಹಾಗೆ ಅಂತ ಹೇಳಲಿಲ್ಲ, ಇಳಿಯಿತು ಅಷ್ಟೆ.

ಅಕ್ಕ ಎರಡು ರಾತ್ರಿಯಲ್ಲಿ ಪುಸ್ತಕ ಮುಗಿಸಿದಳು. ಚಂದ್ರಿ ಬಗ್ಗೆ ಒಂದು ಮಾತಿಲ್ಲ. ಆಕೆ ನಿಂತಿದ್ದು ಭಾಗೀರಥಿಯ ಹತ್ತಿರ, ಆಚಾರ್ಯರ ಹಾಸಿಗೆ ಹಿಡಿದ ಹೆಂಡತಿ. ನೆನಪಿದೆಯಾ ನಿಮಗೆ? ನನಗೆ ಹೆಸರಷ್ಟೇ ನೆನಪಿತ್ತು. ವರ್ಷಗಟ್ಟಲೆ ಆಕೆಗೆ ಸ್ನಾನ ಮಾಡಿಸಿ ಗಂಜಿ ಉಣಿಸಿದ ಮನುಷ್ಯ, ಚಂದ್ರಿಯ ಹತ್ತಿರದಿಂದ ಬಂದ ಮೇಲೆ ಮೊದಲ ಸಲ ಹೆಂಡತಿಯ ಮೈಯನ್ನು ನೋಡಿ ಅಸಹ್ಯಪಡುತ್ತಾನೆ.

"ಇಷ್ಟ ವರ್ಷ ಮೈ ತೊಳದಾಂವ ತಮ್ಮಾ. ಒಂದಿನಾ ಹೊರಗ ಹೋಗಿ ಬಂದ್ನಲಾ, ಬಂದ ಕೂಡ್ಲೆ ಆಕಿ ಮೂಗು ಕಾಣ್ತು, ಜಡಿ ಕಾಣ್ತು, ಎದಿ ಕಾಣ್ತು. ಅವತ್ತ ಆಕಿ ಏನರೆ ಬದಲಾಗಿದ್ಲೇನ?"

ನಾನು ಜಾಣತನ ತೋರಿಸಲು ಹೋದೆ. ಅದು ಲೇಖಕರ ಮಾತಲ್ಲ, ಆಚಾರ್ಯರ ಕಣ್ಣು ಬದಲಾದದ್ದನ್ನು ತೋರಿಸುವುದಕ್ಕೆ ಹಾಗೆ ಬರೆದಿದ್ದಾರೆ, ಅದೇ ಕಾದಂಬರಿಯ ಶಕ್ತಿ ಅಂದೆ. ಈಗಲೂ ಹಾಗೇ ನಂಬಿದ್ದೇನೆ. ಅಕ್ಕ ಅಲ್ಲಗಳೆಯಲಿಲ್ಲ.

"ಇರಬಹುದು. ಆದ್ರ ಆಕಿ ಕಣ್ಣು ಎಲ್ಲಿ ಅದಾವು? ಆಕಿಗೆ ಇಂವಾ ಹೆಂಗ್ ಕಾಣತಿದ್ನೋ ಏನೋ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಡಿಗಿ ಮನ್ಯಾಗ ಇರೂತನಾ ನಾ ಬರೇ ನಾನ ಇರತೀನಿ. ಚಹಾದ ಟ್ರೇ ಹಿಡಕೊಂಡ ಪಡಸಾಲಿಗೆ ಬಂದ ಕೂಡ್ಲೆ ದಪ್ಪ ಆಗತೀನಿ."

ನಾನು ಮತ್ತೆ ಪುಸ್ತಕ ತೆಗೆದು ನೋಡಿದೆ. ದುರ್ಗಾಭಟ್ಟ ಚಂದ್ರಿಯನ್ನು ಕಣ್ಣಲ್ಲೇ ಅಳೆಯುತ್ತಾನೆ, ಅಗ್ರಹಾರದ ಹೆಂಗಸರನ್ನು ಆಕೆಯ ಪಕ್ಕದಲ್ಲಿಟ್ಟು ತೂಗುವುದೂ ಗಂಡಸರೇ. ಭಾಗೀರಥಿ ಪ್ಲೇಗಿಗೆ ಸತ್ತುಹೋಗುತ್ತಾಳೆ. ಆಮೇಲೆ ಇನ್ನೂರು ಬಗೆಯ ಯೋಚನೆ ಆಚಾರ್ಯರಿಗೆ. ಮೇಳಿಗೆಯ ಜಾತ್ರೆಯಲ್ಲಿ ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಗೆ ಕೂರುತ್ತಾರೆ, ಗುರುತು ಸಿಕ್ಕೀತೆಂದು ಬೆವರುತ್ತಾರೆ. ಆ ಸೂತಕ ಯಾರದ್ದು ಅನ್ನುವುದನ್ನು ಮೊದಲ ಓದಿನಲ್ಲಿ ನಾನು ಗಮನಿಸಿಯೇ ಇರಲಿಲ್ಲ.

ಒಂಬತ್ತನೆಯವರು ಬರುತ್ತೇವೆ ಅಂತ ಹೇಳಿ ಕಳಿಸಿದ್ದರು. ಅಕ್ಕ ಈ ಸಲ ಟ್ರೇ ಹಿಡಿಯುವುದಿಲ್ಲ ಅಂದಿದ್ದಾಳೆ, ಬೇಕಾದರೆ ಹುಡುಗನೇ ಚಹಾ ತಂದುಕೊಡಲಿ ಅಂತ. ಅವ್ವ ಎರಡು ದಿನ ಮಾತು ಬಿಟ್ಟಿದ್ದಳು.

ಪುಸ್ತಕವನ್ನು ಅಕ್ಕ ಸವದತ್ತಿಗೆ ಒಯ್ದಳು. ಅವಳ ಜೊತೆ ಮಧ್ಯಾಹ್ನ ಡಬ್ಬಿ ಬಿಚ್ಚುವ ಇನ್ನೊಬ್ಬ ಟೀಚರೂ ಓದಿದರಂತೆ. ಓದಿ, "ಭಾಗೀರಥಿ ಸತ್ತಿದ್ದ ಛಲೋ ಆತು ಬಿಡ್ರಿ, ಪಾಪ, ಅವರಿಗೂ ಹಾದಿ ಆತು" ಅಂದರಂತೆ. ಅಕ್ಕ ಒಂದು ವಾರ ಅವರಿಗೆ ಶೇಂಗಾ ಹಿಂಡಿ ಕೊಟ್ಟಿಲ್ಲ.